ಬಿರುಕಿನ ತುದಿಯ ಗೆರೆಗಳು

ಲೋಧಿ ಕಾಲೋನಿಗೆ ಮೆಟ್ರೋ ಇನ್ನೂ ಬಂದಿರದ ದಿನಗಳು. ನಮ್ಮ ಎದುರು ಮನೆಯಾಕೆ ಸರ್ಕಾರಿ ಇಂಜಿನಿಯರ್. ಹಳೆಯ ಗೋಡೆಗಳು ಹೇಗೆ ಬಿರುಕು ಬಿಡುತ್ತವೆ ಎಂಬುದರ ಮೇಲೆ ಪಿಎಚ್‌ಡಿ ಮಾಡಬೇಕೆಂಬುದು ಆಕೆಯ ಆಸೆ. ಅರ್ಜಿ ಇಲಾಖೆಯ ಮೂಲಕವೇ ಹೋಗಬೇಕಿತ್ತು. ಫೈಲು ಮೇಜಿಂದ ಮೇಜಿಗೆ ತೆವಳುವಷ್ಟರಲ್ಲಿ ಕೊನೆಯ ದಿನಾಂಕ ದಾಟಿಹೋಗುತ್ತಿತ್ತು. ಎರಡು ವರ್ಷ ಹಾಗೇ ಆಯಿತು. ನಾನಾಗಿದ್ದರೆ ಕೂಗಾಡುತ್ತಿದ್ದೆ. ಆಕೆ ಮಾತ್ರ, "ಇರಲಿ ಬಿಡಿ, ಗೋಡೆಗೇನೂ ಅವಸರ ಇಲ್ಲ" ಎನ್ನುತ್ತಿದ್ದರು.

ಆ ಎರಡೂ ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಿಬ್ಬರ ಮನೆಗೂ ಸೇರಿದ ಮೆಟ್ಟಿಲ ಗೋಡೆಯ ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ತಾರೀಖು ಬರೆದು, ಅಳತೆಯನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಜ್ವರ ಬಂದಾಗಲೂ ಶಾಲು ಹೊದ್ದು ಬಂದರು. ಒಂದು ದೀಪಾವಳಿಗೆ ಸುಣ್ಣ ಬಳಿಯಲು ಬಂದವನ ಬ್ರಷ್ಷಿಗೆ ಅಡ್ಡ ನಿಂತು, "ಭಯ್ಯಾ, ಬಸ್ ಇತ್ನಾ ಛೋಡ್ ದೋ" ಎಂದು, ಅಷ್ಟನ್ನು ಮಾತ್ರ ಬಿಟ್ಟುಬಿಡಲು ಬೇಡಿಕೊಂಡು, ಒಂದು ಗೇಣು ಗೋಡೆ ಉಳಿಸಿಕೊಂಡರು.

ಮೂರನೆಯ ವರ್ಷ ಅನುಮತಿ ಸಮಯಕ್ಕೆ ಸಿಕ್ಕಿತು. ಸಂದರ್ಶನದಲ್ಲಿ ಪ್ರೊಫೆಸರರು, "ಗೋಡೆಯನ್ನ ಎರಡು ವರ್ಷವಾದ್ರೂ ಅಳೀಬೇಕು. ಈ ವಯಸ್ಸಲ್ಲಿ ಅಷ್ಟು ಕಾಯ್ತೀರಾ?" ಎಂದು ಕೇಳಿದರಂತೆ.

"ಕಾದಾಯ್ತು ಸರ್" ಎಂದು ಈಕೆ ನೋಟ್‌ಬುಕ್ ಮುಂದಿಟ್ಟರಂತೆ.

ಪಿಎಚ್‌ಡಿಗೆ ಸೇರಿ ಆಕೆ ಮನೆ ಬಿಟ್ಟು ಹೋದ ಮೇಲೂ ಮೆಟ್ಟಿಲು ಹತ್ತುವಾಗ ನಾನು ಆ ಒಂದು ಗೇಣು ಗೋಡೆಗೆ ಭುಜ ತಾಗದಂತೆ ಸರಿದು ನಡೆಯುತ್ತಿದ್ದೆ.