ಹಿತ್ತಿಲ ಸೊಳ್ಳೆ, ಪಂಪ್‌ಹೌಸಿನ ಸೊಳ್ಳೆ

ನಮ್ಮಂಥವರಿಗೆ ಸೊಳ್ಳೆಯಲ್ಲಿ ಒಂದೇ ಜಾತಿ, ಕಚ್ಚುವ ಜಾತಿ. ಸೊಳ್ಳೆ ಮೇಷ್ಟ್ರಿಗೆ ಹಾಗಲ್ಲ. ಯಾರಿಗೂ ಪಾಠ ಹೇಳದಿದ್ದರೂ ಆಫೀಸಿನವರು ಅವರಿಗೆ ಆ ಹೆಸರಿಟ್ಟಿದ್ದರು. ಪ್ರಯೋಗಾಲಯದ ಕಿಟಕಿಯಿಲ್ಲದ ಕೋಣೆಯಲ್ಲಿ, ಕೊರೆಯುವಷ್ಟು ತಣ್ಣಗಿನ ತಟ್ಟೆಯ ಮೇಲೆ ಸತ್ತ ಸೊಳ್ಳೆಗಳನ್ನು ಹರಡಿಕೊಂಡು, ಕಾಲಿನ ಪಟ್ಟೆ, ಮೀಸೆಯ ಕುಚ್ಚು ನೋಡಿ ಅವುಗಳ ಕುಲಗೋತ್ರವೆಲ್ಲ ಹೇಳಿಬಿಡುತ್ತಿದ್ದರು. ಬೀಗರ ಮುಖವನ್ನು ಮಾತ್ರ ಎರಡು ಸಲ ಮರೆತಿದ್ದರು.

ವಿಂಗಡಿಸಿದ ಹೆಣ್ಣು ಸೊಳ್ಳೆಗಳನ್ನು, ಹಿಡಿದ ಜಾಗದ ಪ್ರಕಾರ ಬೇರೆಬೇರೆ ಕೊಳವೆಗೆ ಹಾಕಿ ಅರೆದು, ವೈರಸ್ ಇದೆಯೇ ಎಂದು ಪರೀಕ್ಷೆಗೆ ಕೊಡಬೇಕು. ಮನೆಯಲ್ಲಿ ಸೊಳ್ಳೆ ಹಿಡಿಯುವ ಟ್ರ್ಯಾಪ್ ಇಡಲು ಯಾರೂ ಒಪ್ಪದ್ದರಿಂದ ಒಂದನ್ನು ತಮ್ಮ ಹಿತ್ತಿಲಲ್ಲೇ ತೂಗುಹಾಕಿದ್ದರು. ಇನ್ನೊಂದು ಊರಾಚೆಯ ಪಂಪ್‌ಹೌಸಿನಲ್ಲಿತ್ತು. ಆ ವಾರ ಎರಡರಲ್ಲೂ ಬಿದ್ದದ್ದು ಬೆರಳೆಣಿಕೆಯಷ್ಟು. ಇಷ್ಟಕ್ಕೆ ಎರಡು ಕೊಳವೆ ಯಾಕೆ ಎಂದುಕೊಂಡು ಒಟ್ಟಿಗೇ ಅರೆದುಬಿಟ್ಟರು.

ಆ ಕೊಳವೆಯಲ್ಲೇ ವೈರಸ್ ಸಿಕ್ಕಿತು. ಅದೂ ಗರ್ಭದಲ್ಲಿರುವ ಕೂಸಿಗೆ ಕೇಡು ಮಾಡುವಂಥದ್ದು. ವಾಂತಿ, ಸುಸ್ತು ಎಂದು ತವರಿಗೆ ಬಂದಿದ್ದ ಮೇಷ್ಟ್ರ ಮಗಳಿಗೆ ಆಗ ಮೂರನೇ ತಿಂಗಳು.

"ಯಾವ ಟ್ರ್ಯಾಪಿಂದು?" ಮೇಲಧಿಕಾರಿ ಮೇಡಂ ಕೇಳಿದರು.

"ಎರಡೂ ಬೆರೆತಿದೆ ಮೇಡಂ."

"ಅರೆದದ್ದನ್ನ ಬಿಡಿಸೋಕಾಗುತ್ತೇನ್ರಿ? ಮತ್ತೆ ಹಿಡಿದು ಬೇರೆಬೇರೆ ನೋಡಿ. ಅಲ್ಲಿವರೆಗೆ ಹೊರಗೆ ಬಾಯಿಬಿಡ್ಬೇಡಿ, ಊರೇ ಗಾಬರಿಯಾಗುತ್ತೆ."

ಮತ್ತೆ ಹಿಡಿಯಲು ಒಂದು ವಾರ ಬೇಕು. ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತು, ಬಿಡದಿದ್ದರೆ ಮಗಳಿಗೆ.

ಸಂಜೆ ಮನೆಗೆ ಬಂದವರೇ, "ನಾಳೆನೇ ಗಂಡನ ಮನೆಗೆ ಹೊರಡಮ್ಮ" ಎಂದರು.

ಹೆಂಡತಿ ಸೌಟು ಹಿಡಿದೇ ಹೊರಬಂದರು. "ಚೆನ್ನಾಗಿದೆ ರೀ. ಹಿತ್ತಿಲಲ್ಲಿ ಸೊಳ್ಳೆಗೆ ಜಾಗ ಇದೆ, ಒಳಗೆ ಮಗಳಿಗಿಲ್ಲ."

"ಹಾಗಲ್ವೇ... ಇಲ್ಲಿ ಸೆಕೆ ಜಾಸ್ತಿ."

"ಅವರ ಮನೆ ಇನ್ನೂ ಒಲೆ, ಅಪ್ಪ," ಮಗಳು ನಕ್ಕಳು.

ಮೇಷ್ಟ್ರು ಕಿಟಕಿಗಳನ್ನೆಲ್ಲ ಮುಚ್ಚಿದರು, ಮಗಳನ್ನು ಸೊಳ್ಳೆಪರದೆಯೊಳಗೆ ಕೂರಿಸಿದರು. ಕೋಣೆ ಕುದಿಯತೊಡಗಿತು. ತಡೆಯಲಾರದೆ ಅವಳು ಬಾಗಿಲು ತೆಗೆಯಲೆದ್ದಾಗ ಅಡ್ಡ ನಿಂತುಬಿಟ್ಟರು. ಹೇಳಲು ಇನ್ನೊಂದು ಸುಳ್ಳು ಹೊಳೆಯಲಿಲ್ಲ. ವೈರಸ್ಸು, ಕೊಳವೆ, ಒಟ್ಟಿಗೆ ಅರೆದದ್ದು, ಎಲ್ಲ ಹೇಳಿದರು.

"ಹಾಗಾದ್ರೆ ಪಂಪ್‌ಹೌಸಿಂದೇ ಆಗಿರ್ಬಹುದಲ್ವಾ?" ಹೆಂಡತಿ ಹತ್ತಿರ ಬಂದು ಕೇಳಿದರು.

"ಆಗಿರ್ಬಹುದು."

"ಸರಿಯಾಗಿ ಹೇಳಿ ರೀ."

"ಗೊತ್ತಿದ್ರೆ ಹೇಳ್ತಿರಲಿಲ್ವೇನೆ?"

ಮಗಳು ತೋಳು ಚಾಚಿದಳು. ಮೊಣಕೈ ಬಳಿ ಎರಡು ಕೆಂಪು ಗುಳ್ಳೆ. "ಇವು ಮೊನ್ನೆಯವು."

ಮೇಷ್ಟ್ರು ಕನ್ನಡಕ ಮೇಲೇರಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು.

"ಬೆಳಿಗ್ಗೆ ರಕ್ತ ಪರೀಕ್ಷೆಗೆ ಕೊಡೋಣ ಮಗಳೇ. ಮೇಡಂಗೂ ನಾನೇ ಹೇಳ್ತೀನಿ, ಮನೇಲಿ ಹೇಳ್ಬಿಟ್ಟೆ ಅಂತ."

"ಕೊಟ್ಟ ತಕ್ಷಣ ಗೊತ್ತಾಗುತ್ತಾ?"

"ಇಲ್ಲಮ್ಮ. ಕಾಯ್ಬೇಕು."

ಹೆಂಡತಿ ಪರದೆಯ ಅಂಚೆತ್ತಿ ಒಳಗೆ ನುಸುಳಿ ಮಗಳ ಪಕ್ಕ ಕೂತರು. ಒಳಗಿಂದಲೇ, "ನೀವ್ಯಾಕೆ ಹೊರಗೆ ನಿಂತಿದ್ದೀರಿ, ಬನ್ನಿ" ಎಂದರು. ಒಬ್ಬರಿಗೆಂದು ಹೊಲಿದ ಪರದೆ. ಮೇಷ್ಟ್ರು ಮೊಣಕಾಲು ಮಡಚಿ ಹೇಗೋ ತೂರಿಕೊಂಡು, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸತೊಡಗಿದರು.