ಅರ್ಧ ಸದಸ್ಯರು

2015ರಲ್ಲಿ, ಬ್ರಿಸ್ಬೇನಿನಲ್ಲಿ, ಒಂದೇ ಪಾಠವನ್ನು ವಾರಕ್ಕೆ ನಾಲ್ಕು ಸಲ ಮಾಡುತ್ತಿದ್ದೆ. ವಿಶ್ವವಿದ್ಯಾಲಯವೊಂದರಲ್ಲಿ ತಾತ್ಕಾಲಿಕ ಬೋಧಕಿ. ವಿಷಯ, ಹದಿನೇಳನೆಯ ಶತಮಾನದಲ್ಲಿ ಅಮೆರಿಕಕ್ಕೆ ಹೋದ ಪ್ಯೂರಿಟನ್ ಕ್ರೈಸ್ತ ವಲಸಿಗರು. ಅದಕ್ಕೂ ಹಿಂದೆ ಪರ್ತ್‌ನಲ್ಲಿ ಎರಡು ವರ್ಷ ಇದೇ ಪಾಠ. ನಾಲ್ಕನೆಯ ಗುಂಪಿಗೆ ಬರುವಷ್ಟರಲ್ಲಿ ನನ್ನ ದನಿ ನನಗೇ ಬೇಸರ ತರಿಸುತ್ತಿತ್ತು. ದಿನಚರಿಯಲ್ಲಿ ಗುರುವಾರಗಳ ಮುಂದೆಲ್ಲ ‘ದಣಿವು’ ಎಂದಷ್ಟೇ ಇದೆ.

ಇಂಗ್ಲೆಂಡಿನ ಚರ್ಚು ಸಾಕಷ್ಟು ಶುದ್ಧವಾಗಿಲ್ಲವೆಂದು ಕಡಲು ದಾಟಿದವರು, ಅದಾಗಲೇ ಬೇರೆಯವರು ಬಾಳುತ್ತಿದ್ದ ನೆಲದಲ್ಲಿ ತಮ್ಮ ಚರ್ಚು ಕಟ್ಟಿದರು. ಸದಸ್ಯರಾಗಬೇಕೆಂದರೆ ಸಭೆಯೆದುರು ನಿಂತು, ದೇವರ ಕೃಪೆ ತಮ್ಮೊಳಗೆ ಹೇಗೆ ಇಳಿಯಿತೆಂದು ಹೇಳಬೇಕಿತ್ತು. ಒಪ್ಪದವರು ತಾವಾಗಿ ಹೊರನಡೆದರು, ಇಲ್ಲವೇ ಹೊರದಬ್ಬಿಸಿಕೊಂಡರು. ಹೋಗಿ ಇನ್ನೊಂದು ಊರು ಕಟ್ಟಿದರು. ವಸಾಹತುಗಳು ಬೆಳೆದದ್ದರಲ್ಲಿ ಹೊಸ ಹಡಗುಗಳ ಪಾಲಿದ್ದಂತೆ ಜಗಳಗಳ ಪಾಲೂ ಇತ್ತು. ಕಷ್ಟವಾದದ್ದು ಅಲ್ಲೇ ಹುಟ್ಟಿದ ಮಕ್ಕಳಿಂದ. ಅವರು ಯಾವ ಕಡಲನ್ನೂ ದಾಟಿರಲಿಲ್ಲ. ಸಭೆಯೆದುರು ಹೇಳಲು ಅವರಲ್ಲಿ ಹಲವರ ಬಳಿ ಕಥೆಯಿರಲಿಲ್ಲ. ಕೊನೆಗೆ ಹಿರಿಯರು ಅವರನ್ನು ಅರ್ಧ ಸದಸ್ಯರನ್ನಾಗಿ ಮಾಡಿದರು: ಅವರ ಮಕ್ಕಳಿಗೆ ದೀಕ್ಷಾಸ್ನಾನ ಉಂಟು, ಆದರೆ ಸದಸ್ಯರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದಲ್ಲಿ ಅವರಿಗೇ ಪಾಲಿಲ್ಲ.

ಶನಿವಾರ ಬೆಳಿಗ್ಗೆ ಬ್ರಿಸ್ಬೇನಿನ ದಕ್ಷಿಣದ ಬಡಾವಣೆ ಕ್ಯಾಲಮ್‌ವೇಲ್‌ನ ಒಂದು ಹಾಲ್‌ನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಸಂಬಳವಿಲ್ಲ; ಮಧ್ಯಾಹ್ನ ಯಾರದಾದರೂ ಮನೆಯ ಬಿಸಿಬೇಳೆಬಾತ್ ಸಿಗುತ್ತಿತ್ತು. ತರಗತಿ ನಡೆಸುತ್ತಿದ್ದ ಅಂಕಲ್ ಪರ್ತ್‌ನ ಗಣಿ ಕೆಲಸ ಬಿಟ್ಟು ಬಂದವರು. ಅಲ್ಲಿನ ಕ್ಯಾನಿಂಗ್ ವೇಲ್‌ನಲ್ಲಿ ತಾವು ಶುರು ಮಾಡಿದ್ದ ತರಗತಿಯ ನಿಯಮವನ್ನು ಇಲ್ಲಿಗೂ ತಂದಿದ್ದರು: ರಾಜ್ಯೋತ್ಸವದ ನಾಟಕದಲ್ಲಿ ಪಾತ್ರ ಬೇಕಾದ ಮಗು ಎಲ್ಲರೆದುರು ನಿಂತು, ಚೀಟಿ ನೋಡದೆ, ತನಗೆ ಕನ್ನಡ ಯಾಕೆ ಬೇಕೆಂದು ಕನ್ನಡದಲ್ಲೇ ಹೇಳಬೇಕು.

ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಆ ವರ್ಷ ಪಾತ್ರ ಬೇಕೇ ಬೇಕಿತ್ತು. ಮೈಸೂರಿನಿಂದ ಬಂದಿದ್ದ ಅವಳ ಅಜ್ಜಿ ನಾಟಕ ನೋಡಿ ಹಿಂತಿರುಗುವವರಿದ್ದರು. ಮಂಡಿನೋವಿನಿಂದಾಗಿ ಮತ್ತೆ ಅಷ್ಟು ದೂರ ಬರುವ ಹಾಗಿರಲಿಲ್ಲ. ಹುಡುಗಿಗೆ ಕನ್ನಡವೆಲ್ಲ ತಿಳಿಯುತ್ತಿತ್ತು. ನಾಟಕದ ಮಾತುಗಳನ್ನು ಉರುಹೊಡೆದು ನನಗೆ ಒಪ್ಪಿಸಿದ್ದಳು ಕೂಡ. ಆದರೆ ತನ್ನ ಮಾತು ಆಡಬೇಕಾದಾಗ ಬಾಯಿಗೆ ಬರುತ್ತಿದ್ದುದು ಇಂಗ್ಲಿಷೇ.

ಸೆಪ್ಟೆಂಬರಿನ ಒಂದು ಶನಿವಾರ ಅವಳು ಎದ್ದು ನಿಂತಳು. ಹಾಜರಿ ಇಪ್ಪತ್ತಮೂರು. “ನಂಗೆ ಕನ್ನಡ…” ಎಂದಳು. ಕತ್ತೆತ್ತಿ ಫ್ಯಾನು ನೋಡಿದಳು. ಮತ್ತೆ “ನಂಗೆ ಕನ್ನಡ” ಎಂದಳು. ಅಂಕಲ್ ಕಾದರು; ಅವರು ಕೆಟ್ಟವರಲ್ಲ. ಕೊನೆಗೆ “ಕೂತ್ಕೊ ಪುಟ್ಟಾ, ಮುಂದಿನ ವರ್ಷ ನೋಡೋಣ” ಎಂದರು.

“ಮುಂದಿನ ವರ್ಷ ನಾನೆಲ್ಲಿರ್ತೀನಪ್ಪಾ?” ಹಿಂದಿನ ಸಾಲಿನಿಂದ ಅಜ್ಜಿ ಕೇಳಿದರು.

“ಅಮ್ಮಾ, ನಿಯಮ ಸಡಿಲ ಮಾಡಿದ್ರೆ ಎಲ್ಲಾ ಮಕ್ಳೂ ಇಂಗ್ಲಿಷ್‌ನಲ್ಲೇ ಮಾತಾಡ್ತಾರೆ.”

“ಈಗೇನ್ ಮಾಡ್ತಿದಾವೆ? ಇವಳು ನಂಗೆ ಇಂಗ್ಲಿಷ್‌ನಲ್ಲಿ ಬೈತಾಳೆ, ನಾನು ಕನ್ನಡದಲ್ಲಿ ಬೈತೀನಿ. ಇಬ್ರಿಗೂ ಚೆನ್ನಾಗೇ ಅರ್ಥ ಆಗತ್ತೆ.”

ಕೆಲವರು ನಕ್ಕರು. ಅಂಕಲ್ ನಗಲಿಲ್ಲ.

ನಾನು ಮಧ್ಯೆ ಬಂದೆ. ವಾರವಿಡೀ ಅರ್ಧ ಸದಸ್ಯರ ಪಾಠ ಮಾಡಿದವಳಿಗೆ ಬೇರೇನು ಹೊಳೆಯಬೇಕು? ಮಾತಿಲ್ಲದ ಪಾತ್ರವೊಂದನ್ನು ಕೊಡೋಣ ಎಂದೆ. ನಾಟಕದಲ್ಲಿ ಬರುವ ರಾಣಿಯ ಹಿಂದೆ ದೀಪ ಹಿಡಿದು ನಿಲ್ಲುವುದು. ಅಂಕಲ್‌ಗೆ ಸಮಾಧಾನವಾಯಿತು. ಹುಡುಗಿಯ ತಾಯಿಯೂ ತಲೆಯಾಡಿಸಿದರು.

ಹುಡುಗಿ ನನ್ನನ್ನೇ ನೋಡಿದಳು. “ಅಕ್ಕಾ, ಡೂ ಐ ಸೇ ಎನಿಥಿಂಗ್?”

“ಇಲ್ಲ ಪುಟ್ಟಾ.”

“ದೆನ್ ನೋ, ಥ್ಯಾಂಕ್ಸ್,” ಎಂದು ಅಜ್ಜಿಯ ಪಕ್ಕ ಹೋಗಿ ಕೂತಳು.

ಮಗಳು ಬೇಡವೆಂದ ಮೇಲೆ ತಾಯಿಯೂ ಮನಸ್ಸು ಬದಲಿಸಿದರು. ಎರಡು ವಾರಗಳಲ್ಲಿ ಕೆಲವು ಮನೆಯವರನ್ನು ಕಟ್ಟಿಕೊಂಡು ಊರಿನ ಇನ್ನೊಂದು ತುದಿಯ ನಾರ್ತ್ ಲೇಕ್ಸ್‌ನಲ್ಲಿ ಬೇರೆ ತರಗತಿ ತೆರೆದರು. ದಿನಚರಿಯಲ್ಲಿ ಅದು ಶುರುವಾದ ಶನಿವಾರದ ಲೆಕ್ಕ: ಕ್ಯಾಲಮ್‌ವೇಲ್ ಹದಿನಾಲ್ಕು, ನಾರ್ತ್ ಲೇಕ್ಸ್ ಒಂಬತ್ತು. ನವೆಂಬರಿನಲ್ಲಿ ಅವರ ಗ್ಯಾರೇಜಿನಲ್ಲೇ ನಾಟಕವಾಯಿತು; ನಾನೂ ಹೋಗಿದ್ದೆ. ಹುಡುಗಿ ಎಲ್ಲೂ ತಪ್ಪದೆ ತನ್ನ ಪಾತ್ರದ ಮಾತು ಹೇಳಿದಳು. ಮಡಚುವ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಕೊನೆಗೆ “ಏನೋ ಜೋರಾಗ್ ಹೇಳಿದ್ಯಲ್ಲೇ” ಎಂದರು. ಅವಳು “ಯೂ ವರ್ ಸ್ಲೀಪಿಂಗ್” ಎಂದಳು. ಮುಂದಿನ ವಾರ ಅಜ್ಜಿ ಹೊರಟರು.

ಮಾರನೆಯ ವರ್ಷ ಅಲ್ಲಿಗೆ ಹೊಸ ಮಕ್ಕಳು ಬಂದರು. “ಹಾಗಂತ ಎಲ್ಲರನ್ನೂ ಸೇರಿಸ್ಕೊಳಕ್ಕಾಗಲ್ಲ ಅಲ್ವಾ?” ಎಂದರು ಆ ತಾಯಿ. “ಮೊದ್ಲು ಒಂದ್ನಾಲ್ಕು ಮಾತು ಎದ್ದು ನಿಂತು ಕನ್ನಡದಲ್ಲಿ ಹೇಳ್ಲಿ.” ವಾದ ಮಾಡುವ ಶಕ್ತಿ ನನಗಿರಲಿಲ್ಲ.

2018ರಲ್ಲಿ ಅದೇ ಪಾಠ ಹೊತ್ತು ಅಡಿಲೇಡಿಗೆ ಹೋದೆ. ಅಲ್ಲಿನ ಶನಿವಾರದ ತರಗತಿಯಲ್ಲಿ ನನ್ನ ಪರಿಚಯ ಹೇಳಿಕೊಳ್ಳಲು ಎಬ್ಬಿಸಿದರು. ಯಾರು, ಎಲ್ಲಿಂದ ಬಂದೆ, ಕನ್ನಡ ನನಗೆ ಏನು, ಎಲ್ಲ ಹೇಳಿದೆ. ಪರ್ತ್‌ನಲ್ಲೂ ಬ್ರಿಸ್ಬೇನಿನಲ್ಲೂ ಹೇಳಿದ್ದ ಅದೇ ವಾಕ್ಯಗಳು. ಎಲ್ಲೂ ತಡವರಿಸಲಿಲ್ಲ, ಏನೂ ಅನ್ನಿಸಲೂ ಇಲ್ಲ. ಚಪ್ಪಾಳೆ ಬಿತ್ತು.

“ನಾಟಕಕ್ಕೆ ಮಕ್ಳನ್ನ ನೀವೇ ಆರಿಸ್ಬಿಡಿ ಮೇಡಂ,” ಎಂದರು ಅಲ್ಲಿನ ಆಂಟಿ. “ಒಬ್ಬೊಬ್ಬರನ್ನೇ ನಿಲ್ಲಿಸಿ ಮಾತಾಡ್ಸಿ.”

“ಕಲಿಸ್ತೀನಿ ಆಂಟಿ. ಅದೊಂದು ಬೇಡ,” ಎಂದೆ.

“ಮತ್ತೆ ಪಾತ್ರ ಹೇಗೆ ಕೊಡೋದು?”

“ಕೇಳಿದವರಿಗೆ ಕೊಡೋಣ.”

ಅವರು ಒಪ್ಪಲಿಲ್ಲ, ಬೇಡವೆನ್ನಲೂ ಇಲ್ಲ. ನಾನು ಹಿಂದಿನ ಸಾಲಿಗೆ ಹೋಗಿ ಕೂತೆ.