ಅತ್ತಿಗೆಯ ಎಡಗಣ್ಣು

ಅತ್ತಿಗೆ ಹೊಸಹಳ್ಳಿ ಕಡೆಯವಳು, ಅಣ್ಣನೇ ಮೆಚ್ಚಿ ಮದುವೆಯಾದವಳು. ಅವ್ವನಿಗೆ ಅದೇ ಸಿಟ್ಟು. ಬಂದವರ ಎದುರೆಲ್ಲ ಸೊಸೆಯ ನಡಿಗೆ, ಅಡಿಗೆ, ತವರು ಎಲ್ಲವನ್ನೂ ಆಡಿಕೊಳ್ಳುತ್ತಿದ್ದಳು. ಜೊತೆಗೆ ಕೂತು ನಗುತ್ತಿದ್ದವಳು ನಾನು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ.

ಚಿಗಟೇರಿ ಹತ್ತಿರದ ನಮ್ಮ ಹೊಲಕ್ಕೆ ಮೆಕ್ಕೆಜೋಳ ಬಿಡಿಸುವ ಮಿಷಿನ್ ಬಂದ ದಿನ, ಸಿಪ್ಪೆ ಮತ್ತು ಬೆಂಡಿನ ಚೂರು ಸಿಡಿಯುವ ಕಡೆಗೇ ಅವ್ವ ಅತ್ತಿಗೆಯನ್ನು ನಿಲ್ಲಿಸಿದಳು. ಮಿಷಿನಿನವನು ತಾನು ಕನ್ನಡಕ ಹಾಕಿಕೊಂಡಿದ್ದ. "ಅಕ್ಕಾರ, ಅಲ್ಲಿ ನಿಂದ್ರಬ್ಯಾಡ್ರಿ, ಕಣ್ಣಿಗೆ ಸಿಡಿತೈತಿ" ಎಂದ.

"ಆಕಿಗೇನಾಗಲ್ಲ, ನೀ ನಿನ್ನ ಮಿಷಿನ್ ನೋಡು" ಎಂದಳು ಅವ್ವ.

ಮಧ್ಯಾಹ್ನದ ಹೊತ್ತಿಗೆ ಅತ್ತಿಗೆ ಎಡಗಣ್ಣು ಮುಚ್ಚಿಕೊಂಡು ಕೂತುಬಿಟ್ಟಳು. "ಅತ್ತಿ, ಕಣ್ಣಾಗ ಏನೋ ಹೊಕ್ಕೈತ್ರಿ, ಚುಚ್ಚಾಕ ಹತ್ತೈತಿ."

"ಎಲ್ಲಾರ ಕಣ್ಣಾಗೂ ಬೀಳ್ತೈತಿ. ಸೆರಗಿಲೆ ಒರಸ್ಕೊಂಡು ಏಳು."

ಅವಳು ಒರೆಸಿಕೊಂಡು ಎದ್ದಳು. ಸಂಜೆಯವರೆಗೂ ಅಲ್ಲೇ ನಿಂತು ಕೆಲಸ ಮಾಡಿದಳು.

ಮರುದಿನ ರೆಪ್ಪೆ ಊದಿ ಕಣ್ಣೇ ಕಾಣುತ್ತಿರಲಿಲ್ಲ. ಹರಪನಹಳ್ಳಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಅಣ್ಣನನ್ನು ಬೇಡಿಕೊಂಡಳು. ಅವನು "ಅವ್ವಗ ಗೊತ್ತೈತಿ, ಆಕಿ ನೋಡ್ತಾಳ" ಎಂದು ಹೊರಗೆ ಹೋದ. ಅವ್ವ ಯಾವುದೋ ಸೊಪ್ಪು ಅರೆದು ತಂದು, "ಇಕಿ ಕೈ ಹಿಡ್ಕೊ" ಎಂದು ನನಗೆ ಹೇಳಿದಳು.

ನಾನು ಎರಡೂ ಮುಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದೆ. ರಸ ಬಿದ್ದೊಡನೆ ಅತ್ತಿಗೆ ಚೀರಿದಳು, ಬಿಡಿಸಿಕೊಳ್ಳಲು ನನ್ನ ಕೈ ಪರಚಿದಳು. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಇನ್ನೂ ಗಟ್ಟಿಯಾಗಿ ಒತ್ತಿದೆ. ಹೀಗೆ ಮೂರು ದಿನ.

ಐದನೆಯ ದಿನ ಕಣ್ಣಿನ ಕಪ್ಪಿನ ಮೇಲೆ ಬೆಳ್ಳಗೆ ಚುಕ್ಕೆ ಕಂಡಾಗ ಅವ್ವನಿಗೂ ಹೆದರಿಕೆಯಾಯಿತು. ಮೂವರೂ ಹರಪನಹಳ್ಳಿ ಬಸ್ಸು ಹತ್ತಿದೆವು. ಕಣ್ಣಿನ ಡಾಕ್ಟರ ಬಾಗಿಲಲ್ಲಿ ನಮ್ಮಂಥವರೇ ಕೂತಿದ್ದರು. ವೆಲ್ಡಿಂಗ್ ಅಂಗಡಿಯವನೊಬ್ಬನ ಕಣ್ಣಿಗೆ ಕಬ್ಬಿಣದ ಕಿಡಿ ಹೊಕ್ಕಿತ್ತು. ಕುರಿ ಮೇಯಿಸುವ ಮುದುಕಿಯೊಬ್ಬಳಿಗೆ ಜಾಲಿಮುಳ್ಳು ಬಡಿದಿತ್ತು.

ಡಾಕ್ಟರು ಬೆಳಕು ಬಿಟ್ಟು ನೋಡಿದರು. "ಸಿಪ್ಪೆ ಗೀರಿದ ಸಣ್ಣ ಗಾಯ ಇದು. ಮರುದಿನವೇ ಬಂದಿದ್ದರೆ ಮಾಯುತ್ತಿತ್ತು. ಈಗ ಹುಣ್ಣಾಗಿ ಬೂಸ್ಟು ಹಿಡಿದಿದೆ. ಏನು ಹಾಕಿದಿರಿ ಕಣ್ಣಿಗೆ?"

"ನಾವೇನೂ ಹಾಕಿಲ್ರಿ" ಎಂದಳು ಅವ್ವ. "ತವರುಮನಿಯಾಗ ಕಲ್ತಿದ್ದು ಏನೋ ಆಕಿನಾ ಹಾಕ್ಕೊಂಡಾಳ."

ಡಾಕ್ಟರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಹೌದ್ರಿ" ಎಂದೆ.

ಅತ್ತಿಗೆ ಬಲಗಣ್ಣಿನಿಂದ ನನ್ನನ್ನು ನೋಡಿದಳು. ಡಾಕ್ಟರು ಅವಳನ್ನೇ ಬೈದರು, "ಓದಿದವಳಂತೆ ಕಾಣ್ತೀಯ, ಅಷ್ಟೂ ತಿಳಿಯಲಿಲ್ವಾ?" ಎಂದು.

ಎರಡು ತಿಂಗಳು ಗಂಟೆಗಂಟೆಗೆ ಔಷಧಿ ಬಿಟ್ಟ ಮೇಲೆ ನೋವು ಹೋಯಿತು, ದೃಷ್ಟಿಯೂ ಹೋಯಿತು. ಎಡಗಣ್ಣಿನ ಕಪ್ಪಿನ ಮೇಲೆ ಬೆಳ್ಳಗೆ ಹೂ ಬಿತ್ತು. ಅವ್ವ ಅವಳನ್ನು "ಒಕ್ಕಣ್ಣಿ" ಎಂದೇ ಕರೆಯತೊಡಗಿದಳು. ನನ್ನ ಮದುವೆಯ ದಿನ, "ಆರತಿ ಹೊತ್ತಿನಾಗ ಎದುರಿಗೆ ಬರಬ್ಯಾಡ" ಎಂದು ಅವಳನ್ನು ಅಡಿಗೆಯವರ ಜೊತೆ ಒಳಗೇ ಕೂರಿಸಿದಳು. ನನಗೆ ಅದು ಗೊತ್ತಿತ್ತು. ಹೊಸ ಸೀರೆಯುಟ್ಟು ನಗುತ್ತಾ ನಿಂತಿದ್ದೆ.

ಅವ್ವ ತೀರಿಕೊಂಡ ವರ್ಷ ತವರಿಗೆ ಹೋದಾಗ ಅತ್ತಿಗೆ ಅಕ್ಕಿ ಆರಿಸುತ್ತಿದ್ದಳು, ಮೊರವನ್ನು ಬಲಗಣ್ಣಿನ ಕಡೆ ವಾರೆ ಹಿಡಿದು. ಪಕ್ಕದಲ್ಲಿ ಕೂತು, ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ.

"ನಿಮ್ಮವ್ವಗ ತಿಳಿಲಿಲ್ಲ, ಸೊಪ್ಪು ಹಾಕಿದ್ರು. ನೀನು ಕೈ ಹಿಡದಿದ್ದೂ ಬಿಡು, ಸಣ್ಣಾಕಿ. ಆದ್ರ ಡಾಕ್ಟರು ಕೇಳಿದಾಗ ನಿನಗ ತಿಳಿದಿತ್ತು."

ನನಗೆ ಅಳು ಬಂತು.

"ಅಳೋದಿದ್ರ ಹೊರಗ ಹೋಗಿ ಅಳು" ಎಂದಳು. "ನನಗ ಕೆಲಸ ಐತಿ."

ಆಮೇಲೆ ಊಟಕ್ಕೆ ಕರೆದು ಬಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಮತ್ತೆ ಕೇಳಿಲ್ಲ.